ಹಸಿರುಗಟ್ಟಿದ ಗೋಡೆಯನ್ನು ಯಾವಾಗ ತೊಳೆಯಬೇಕು?

ಬಿಡದೆ ಸುರಿದ ಮಳೆ ಎರಡು ದಿನ ಹೊಳವಾಗಿ ಬಿಸಿಲು ಬಿದ್ದರೆ ಸಾಕು, ಮನೆಯ ಹೊರಗೋಡೆಯ ಹಸಿರು ಕಣ್ಣಿಗೆ ಚುಚ್ಚತೊಡಗುತ್ತದೆ. ಕೈ ತಾನಾಗಿಯೇ ಬ್ರಷ್ಷು, ಪೈಪುಗಳ ಕಡೆ ಹೋಗುತ್ತದೆ. ನಾನೂ ಒಮ್ಮೆ ಹೀಗೆಯೇ ಒಂದು ಹೊಳವಿನಲ್ಲಿ ಒತ್ತಡದಿಂದ ನೀರು ಚಿಮ್ಮುವ ಯಂತ್ರವನ್ನು ಬಾಡಿಗೆಗೆ ತಂದು, ಅರ್ಧ ದಿನದಲ್ಲಿ ಗೋಡೆಯನ್ನು ಬೆಳ್ಳಗೆ ಮಾಡಿ ಬೀಗಿದ್ದೆ. ಮೂರನೆಯ ದಿನ ಒಳಗಡೆ, ಅದೇ ಗೋಡೆಯ ಕಿಟಕಿಯ ಕೆಳಗೆ, ತಟ್ಟೆಯಗಲದ ಒದ್ದೆ ಕಲೆ ಮೂಡಿತು. ಹೊರಗಿನ ಹಸಿರಂತೂ ಮಳೆ ಮುಗಿಯುವಷ್ಟರಲ್ಲಿ ತನ್ನ ಜಾಗಕ್ಕೆ ಮರಳಿತ್ತು. ಯಂತ್ರವನ್ನು ದೂರಿ ಪ್ರಯೋಜನವಿರಲಿಲ್ಲ. ತಪ್ಪಿದ್ದು ನಾನು ಆರಿಸಿಕೊಂಡ ಹೊತ್ತು.

ಮನೆಯ ಹೊರಮೈ ಸ್ವಚ್ಛ ಮಾಡುವುದನ್ನು ನಾವು ಒಂದೇ ಕೆಲಸ ಎಂದು ಎಣಿಸುತ್ತೇವೆ. ಮಳೆ ಹೆಚ್ಚಿರುವಲ್ಲಿ ಅದು ಮೂರು ಕೆಲಸ, ಮೂರಕ್ಕೂ ಬೇರೆ ಬೇರೆ ಕಾಲ. ಮಳೆಗೆ ಮುಂಚೆ ನೀರು ಹರಿಯುವ ದಾರಿಯನ್ನು ತೆರವು ಮಾಡಬೇಕು. ಮಳೆ ಹಿಂದೆ ಸರಿಯುತ್ತಿರುವಾಗ ಗೋಡೆ ಮತ್ತು ಮಾಡಿನ ಮೇಲೆ ಬೆಳೆದಿರುವುದನ್ನು ತೆಗೆಯಬೇಕು. ಗೋಡೆ ಒಳಗಿನಿಂದ ಒಣಗಿದ ಮೇಲೆ ಉಪ್ಪು, ಬಿರುಕು, ಬಣ್ಣಗಳ ಕಡೆ ತಿರುಗಬೇಕು. ಈ ಕ್ರಮ ತಲೆಕೆಳಗಾದರೆ ಖರ್ಚೂ ಶ್ರಮವೂ ಇಮ್ಮಡಿಯಾಗುತ್ತವೆ. ಕ್ರಮ ಹೀಗೇ ಏಕೆ ಎಂಬುದು ತಿಳಿಯಬೇಕಾದರೆ ಗೋಡೆಯ ಮೇಲೆ ಬೀಡುಬಿಟ್ಟವರು ಯಾರು ಎಂದು ಮೊದಲು ನೋಡಬೇಕು.

ಗೋಡೆಯ ಮೇಲಿನ ಬಿಡಾರ

ಎಲ್ಲವನ್ನೂ ಪಾಚಿ ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿ. ಆದರೆ ಆ ಹೆಸರಿನ ಅಡಿಯಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಹಲವು ಜೀವಿಗಳು ಅಡಗಿವೆ. ಬೆರಳಿನಿಂದ ಉಜ್ಜಿದರೆ ಹತ್ತಿಕೊಳ್ಳುವ ತೆಳ್ಳನೆಯ ಹಸಿರು ಪೊರೆ ಶೈವಲಗಳದ್ದು. ಸಜ್ಜೆಯ ಕೆಳಗೆ, ಮಾಡಿನ ಇಳಿಜಾರಿನಲ್ಲಿ ಶಾಯಿ ಚೆಲ್ಲಿದಂತೆ ಇಳಿಯುವ ಕಪ್ಪು ಪಟ್ಟೆಗಳನ್ನು ಹೊಗೆಯೆಂದೋ ಧೂಳೆಂದೋ ಭಾವಿಸುತ್ತೇವೆ. ಅವು ಬಹುಪಾಲು ಸಯನೋಬ್ಯಾಕ್ಟೀರಿಯಾಗಳು, ಎಂದರೆ ಗಿಡಗಳಂತೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳು. ಗ್ಲಿಯೋಕ್ಯಾಪ್ಸಾದಂತಹವು ತಮ್ಮ ಸುತ್ತ ಗಾಢ ಬಣ್ಣದ ಲೋಳೆಯ ಕವಚ ಕಟ್ಟಿಕೊಂಡು ಬಿಸಿಲಿನ ನೇರಳಾತೀತ ಕಿರಣಗಳಿಂದ ಪಾರಾಗುತ್ತವೆ. ಆ ಕಪ್ಪು ಅವುಗಳ ಕೊಡೆ ಎನ್ನಬಹುದು.

ಇನ್ನು ಕಿತ್ತಳೆ ಅಥವಾ ಇಟ್ಟಿಗೆ ಕೆಂಪಿನ ಕಲೆಗಳು. ಇವುಗಳನ್ನು ಕಂಡು ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯಿತೆಂದು ಗಾಬರಿಯಾಗುವವರಿದ್ದಾರೆ. ಅನೇಕ ಸಲ ಅದು ಟ್ರೆಂಟಿಪೋಲಿಯಾ ಎಂಬ ಶೈವಲ. ವರ್ಗೀಕರಣದಲ್ಲಿ ಅದು ಹಸಿರು ಶೈವಲವೇ. ಕ್ಯಾರಟ್ಟಿಗೆ ಬಣ್ಣ ಕೊಡುವ ಬಗೆಯ ವರ್ಣದ್ರವ್ಯ ಅದರಲ್ಲಿ ತುಂಬಿರುವುದರಿಂದ ಹಸಿರು ಮರೆಯಾಗಿರುತ್ತದೆ. ತುಕ್ಕಾದರೆ ಒಂದು ಬಿರುಕಿನಿಂದಲೋ ಮೊಳೆಯ ತಲೆಯಿಂದಲೋ ಹೊರಟು ಕೆಳಕ್ಕೆ ಹರಿದಿರುತ್ತದೆ. ಈ ಶೈವಲ ಮಖಮಲ್ಲಿನಂತೆ ಹರಡಿಕೊಂಡಿರುತ್ತದೆ. ಕೈಯಿಂದ ಸವರಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮೆತ್ತನೆಯ ದಿಂಬಿನಂತೆ ಕೂರುವುದು ಹಾವಸೆ. ಅದಕ್ಕೆ ನಿಜವಾದ ಬೇರಿಲ್ಲ. ಹಿಡಿದುಕೊಳ್ಳಲು ಕೂದಲೆಳೆಯಂತಹ ತಂತುಗಳಷ್ಟೇ ಇವೆ. ಆದ್ದರಿಂದ ಅದನ್ನು ಕೀಳುವುದು ಸುಲಭ, ಪೂರ್ತಿ ಕಿತ್ತೆವೆಂದು ನಂಬುವುದು ಅಪಾಯ, ಏಕೆಂದರೆ ಉಳಿದ ಚೂರುಗಳಿಂದಲೇ ಅದು ಮತ್ತೆ ಚಿಗುರುತ್ತದೆ. ಕಲ್ಲುಹೂವಿನ ಕಥೆ ಇನ್ನೂ ಬಿಗಿ. ಶಿಲೀಂಧ್ರವೂ ಶೈವಲವೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಜೀವಿ ಅದು. ಶಿಲೀಂಧ್ರದ ಎಳೆಗಳು ಕಲ್ಲು, ಹಂಚು, ಗಾರೆಯ ಸೂಕ್ಷ್ಮ ರಂಧ್ರಗಳೊಳಗೆ ಇಳಿದಿರುತ್ತವೆ. ಅದನ್ನು ಬಲವಂತವಾಗಿ ಕೆರೆದರೆ ಗಾರೆಯ ಪದರವೂ ಜೊತೆಗೆ ಬರುತ್ತದೆ.

ಇವೆಲ್ಲಕ್ಕೂ ಸಮಾನವಾದ ಒಂದು ಗುಣವಿದೆ, ಕಾಲದ ಲೆಕ್ಕ ನಿಂತಿರುವುದೇ ಅದರ ಮೇಲೆ. ಒಣಗಿದ ಮಾತ್ರಕ್ಕೆ ಇವು ಸಾಯುವುದಿಲ್ಲ, ಮಲಗುತ್ತವೆ. ನೀರಿಲ್ಲದ ತಿಂಗಳುಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಸುರುಟಿಕೊಂಡ ಹಾವಸೆ ಮೊದಲ ಮಳೆ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಹಸಿರಾಗಿ ಎದ್ದು ಕೂರುವುದನ್ನು ಎಲ್ಲರೂ ನೋಡಿದ್ದೇವೆ. ಮಲಗಿರುವ ಜೀವಿ ಔಷಧವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ನೀರು ಕುಡಿದು ಬೆಳೆಯುತ್ತಿರುವ ಜೀವಿ ಹೀರಿಕೊಳ್ಳುತ್ತದೆ. ಬಿರುಬೇಸಿಗೆಯಲ್ಲಿ ದ್ರಾವಣ ಸಿಂಪಡಿಸಿ ‘ಏನೂ ಆಗಲಿಲ್ಲ’ ಎಂದು ಡಬ್ಬದ ಮೇಲೆ ಕೋಪಿಸಿಕೊಳ್ಳುವವರು ಈ ಒಂದು ಸಂಗತಿಯನ್ನು ಮರೆತಿರುತ್ತಾರೆ.

ಹೊಸ ಮನೆಯವರಿಗೂ ಒಂದು ಮಾತು. ಹೊಸ ಗಾರೆ, ಹೊಸ ಸುಣ್ಣ ಬಹಳ ಕ್ಷಾರೀಯ. ಪಿಎಚ್ 12ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಪಾಚಿಗೆ ಬದುಕುವುದು ಕಷ್ಟ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಆ ಕ್ಷಾರವನ್ನು ತಿಂದುಹಾಕುತ್ತದೆ. ಮೊದಲ ಕೆಲವು ಮಳೆಗಾಲ ಬೆಳ್ಳಗಿದ್ದ ಗೋಡೆ ಆಮೇಲೆ ದಿಢೀರನೆ ಹಸಿರಾದರೆ ಬಣ್ಣ ಬಳಿದವನು ಮೋಸ ಮಾಡಿದನೆಂದು ಅರ್ಥವಲ್ಲ. ಗೋಡೆಗೆ ವಯಸ್ಸಾಯಿತು, ಅಷ್ಟೇ.

ಒದ್ದೆಯ ಲೆಕ್ಕ

ಗೋಡೆ ಒಣಗುವುದು ಎರಡು ಹಂತಗಳಲ್ಲಿ. ಮೊದಲ ಹಂತದಲ್ಲಿ ಮೇಲ್ಮೈಯ ನೀರು ಬಿಸಿಲು, ಗಾಳಿಗೆ ಬೇಗ ಆರುತ್ತದೆ. ಅಷ್ಟು ಹೊತ್ತಿಗೆ ಗೋಡೆಯ ಗಾಢ ಬಣ್ಣ ತಿಳಿಯಾಗುತ್ತದೆ, ನಾವು ‘ಒಣಗಿತು’ ಎನ್ನುತ್ತೇವೆ. ಎರಡನೆಯ ಹಂತದಲ್ಲಿ ಒಳಗಿನ ರಂಧ್ರಗಳಲ್ಲಿ ಕೂತ ನೀರು ಆವಿಯಾಗಿ ಹೊರಮೈಗೆ ಬಂದು ಸೇರಬೇಕು. ಇದಕ್ಕೆ ದಿನಗಳಲ್ಲ, ವಾರಗಳು ಬೇಕು. ಗಾಳಿಯೇ ತೇವದಿಂದ ತುಂಬಿರುವಾಗ ಒಳಗಿನ ತೇವಕ್ಕೆ ಹೊರಡಲು ಜಾಗವೇ ಇರುವುದಿಲ್ಲ. ಹೀಗಾಗಿ ಮಳೆಗಾಲದ ನಡುವಿನ ಎರಡು ದಿನದ ಬಿಸಿಲು ಗೋಡೆಯ ಮುಖ ಒರೆಸುತ್ತದೆಯೇ ಹೊರತು ಮೈ ಆರಿಸುವುದಿಲ್ಲ. ಆ ಹೊಳವಿನಲ್ಲಿ ನಾವು ಮತ್ತಷ್ಟು ನೀರು ಚಿಮ್ಮಿಸಿದರೆ, ಮೊದಲೇ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದಂತೆ. ನನ್ನ ಗೋಡೆಯ ಒಳಗಿನ ಕಲೆಗೆ ಇದೇ ಕಾರಣ.

ಒಂದೇ ಮನೆಯ ನಾಲ್ಕು ಗೋಡೆಗಳೂ ಒಂದೇ ರೀತಿ ಒಣಗುವುದಿಲ್ಲ. ಭೂಮಧ್ಯರೇಖೆಯ ಉತ್ತರಕ್ಕಿರುವ ನಾಡುಗಳಲ್ಲಿ ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಗೋಡೆಗೆ ಬಿಸಿಲು ಕಡಿಮೆ, ಪಾಚಿ ಹೆಚ್ಚು. ದಕ್ಷಿಣಾರ್ಧದಲ್ಲಿ ಇದು ತಿರುಗುಮುರುಗು. ಕರ್ಕಾಟಕ ಸಂಕ್ರಾಂತಿ ವೃತ್ತದ ಒಳಗಿನ ನಾಡುಗಳಲ್ಲಿ ಇನ್ನೊಂದು ತಮಾಷೆಯಿದೆ. ಅಲ್ಲಿ ಜೂನ್ ತಿಂಗಳ ಸುತ್ತ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ, ಉತ್ತರದ ಗೋಡೆಗೂ ಬಿಸಿಲು ಸಿಗಬೇಕು. ಆದರೆ ಮಳೆಗಾಲ ಅದೇ ತಿಂಗಳುಗಳಲ್ಲಿ ಬರುವ ಕಡೆ ಆ ಬಿಸಿಲನ್ನು ಮೋಡ ನುಂಗಿಬಿಡುತ್ತದೆ. ಇದರ ಮೇಲೆ ಗಾಳಿ ಮಳೆಯನ್ನು ಯಾವ ದಿಕ್ಕಿನಿಂದ ಬಡಿಯುತ್ತದೆ ಎಂಬುದೂ ಸೇರುತ್ತದೆ. ಮರದ ನೆರಳಿರುವ, ಎದುರು ಕಟ್ಟಡ ಒತ್ತಿಕೊಂಡಿರುವ, ಸೂರು ಚಿಕ್ಕದಿರುವ ಗೋಡೆ ಕೊನೆಗೆ ಒಣಗುತ್ತದೆ. ನಾಲ್ಕೂ ಗೋಡೆಗಳನ್ನು ಒಂದೇ ದಿನ ತೊಳೆದು ಮುಗಿಸುವ ಹಟ ಬೇಡ. ಮೊದಲು ಒಣಗುವ ಗೋಡೆಯಿಂದ ಶುರುಮಾಡಿ ಕೊನೆಯದಕ್ಕೆ ಕಾಯುವುದು ಲೇಸು.

ಮಳೆಗೆ ಮುಂಚೆ

ಮಳೆ ಶುರುವಾಗುವ ಮೂರು ನಾಲ್ಕು ವಾರ ಮೊದಲು ಗೋಡೆಯ ಅಂದವನ್ನು ಮರೆತು ತಲೆಯೆತ್ತಿ ಸೂರನ್ನು ನೋಡಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಿನ ಮೇಲೆ ಒಂದೇ ದಿನ 50 ಮಿಲಿಮೀಟರ್ ಸುರಿದರೆ 5,000 ಲೀಟರ್. ಅಷ್ಟೂ ನೀರು ಒಂದೆರಡು ಕೊಳವೆಗಳ ಮೂಲಕ ಇಳಿಯಬೇಕು. ಕೊಳವೆಯ ಬಾಯಲ್ಲಿ ಹಿಡಿಯಷ್ಟು ತರಗೆಲೆ ಸಿಕ್ಕಿಕೊಂಡಿದ್ದರೆ ಆ ನೀರು ದೋಣಿಯ, ಅಂದರೆ ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ಕಾಲುವೆಯ, ಅಂಚು ಮೀರಿ ಗೋಡೆಯ ಮೇಲೆಯೇ ಇಳಿಯುತ್ತದೆ. ಗೋಡೆಯ ಮೇಲೆ ಒಂದೇ ಕಡೆ ಉದ್ದಕ್ಕೆ ಹಸಿರು ಪಟ್ಟೆ ಕಂಡರೆ ಅದರ ಮೂಲ ಗೋಡೆಯಲ್ಲಿಲ್ಲ, ನೇರ ಮೇಲಿನ ದೋಣಿಯಲ್ಲಿದೆ. ಆ ಪಟ್ಟೆಯನ್ನು ಎಷ್ಟು ಸಲ ತೊಳೆದರೂ ಅದು ಬರುತ್ತಲೇ ಇರುತ್ತದೆ.

ದೋಣಿ, ತಾರಸಿಯ ನೀರಿನ ಬಾಯಿ, ಸಜ್ಜೆಯ ಮೇಲಿನ ಮಣ್ಣು, ಮನೆಯ ಸುತ್ತಲಿನ ಚರಂಡಿ: ಇವು ಈ ಹೊತ್ತಿನ ಕೆಲಸ. ತೆಗೆದ ಕಸವನ್ನು ಕೊಳವೆಯೊಳಕ್ಕೆ ತಳ್ಳದೆ ಬುಟ್ಟಿಗೆ ತುಂಬಿ ಇಳಿಸಬೇಕು. ಇಲ್ಲದಿದ್ದರೆ ಮೇಲಿನ ತೊಂದರೆ ಕೆಳಕ್ಕೆ ವರ್ಗವಾಗುತ್ತದೆ. ಕೊನೆಗೆ ಎರಡು ಬಕೆಟ್ ನೀರು ಸುರಿದು ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡಬೇಕು. ದೋಣಿಯ ಇಳಿಜಾರು ತಪ್ಪಿ ನೀರು ನಿಂತರೆ ಅದು ಸೊಳ್ಳೆಯ ತೊಟ್ಟಿಲು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಒಣಗಿದ ಜಾಗದಲ್ಲಿ ತಿಂಗಳುಗಟ್ಟಲೆ ಕಾದು ನೀರು ಸಿಕ್ಕಾಗ ಒಡೆಯುತ್ತವೆ. ಹಾಗಾಗಿ ಹಳೆಯ ಅಂಟು ಕೆಸರನ್ನು ಉಜ್ಜಿ ತೆಗೆಯುವುದಕ್ಕೂ ಬೆಲೆಯಿದೆ. ಸೂರಿನ ಕೆಳಗೆ ಹಕ್ಕಿ ಗೂಡು ಕಟ್ಟಿ ಮರಿ ಮಾಡಿದ್ದರೆ ಆ ಮೂಲೆಯನ್ನು ಬಿಟ್ಟು ಉಳಿದದ್ದನ್ನು ಮಾಡಬಹುದು. ಮರಿಗಳು ಹಾರುವುದಕ್ಕೆ ಬಹಳ ಕಾಲ ಬೇಕಿಲ್ಲ.

ಗೋಡೆಗೆ ಈ ಹೊತ್ತಿನಲ್ಲಿ ಬೇಕಿರುವುದು ಒಣ ಪೊರಕೆ ಮಾತ್ರ. ಅಂಚುಗಳಲ್ಲಿ ಕೂತ ಧೂಳು ತೇವವನ್ನು ಹಿಡಿದಿಟ್ಟು ಪಾಚಿಗೆ ಗೊಬ್ಬರವಾಗುತ್ತದೆ. ಅದನ್ನು ಗುಡಿಸಿದರೆ ಸಾಕು.

ಮಳೆಯ ನಡುವೆ

ಏನೂ ಮಾಡಬೇಡಿ ಎನ್ನುವುದೇ ಉತ್ತರ, ಒಂದು ವಿನಾಯಿತಿಯೊಂದಿಗೆ. ಮೆಟ್ಟಿಲು, ಅಂಗಳದ ಕಲ್ಲು, ಬಾಗಿಲ ಮುಂದಿನ ಜಾಗ ಇವಕ್ಕೆ ಕಾಲದ ಲೆಕ್ಕ ಅನ್ವಯಿಸುವುದಿಲ್ಲ. ಕಾಲು ಜಾರುವ ಕಡೆ ಪಾಚಿ ಕಂಡ ದಿನವೇ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ಮುಂದಿನ ವಾರ ಮತ್ತೆ ಬಂದರೂ ಮತ್ತೆ ಉಜ್ಜಬೇಕು. ಗೋಡೆ ಹಸಿರಾದರೆ ಕಣ್ಣಿಗೆ ಬೇಸರ. ಮೆಟ್ಟಿಲು ಹಸಿರಾದರೆ ಸೊಂಟ ಮುರಿಯುತ್ತದೆ.

ಉಳಿದಂತೆ ಈ ತಿಂಗಳುಗಳು ನೋಡುವುದಕ್ಕೆ ಒಳ್ಳೆಯವು. ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬಂದರೆ ನೀರು ಎಲ್ಲಿ ಚಿಮ್ಮುತ್ತದೆ, ಯಾವ ಕೊಳವೆ ಉಕ್ಕುತ್ತದೆ, ಯಾವ ಸಜ್ಜೆಯಿಂದ ನೀರು ಹಿಂದಕ್ಕೆ ಹರಿದು ಗೋಡೆಗೆ ತಾಗುತ್ತದೆ ಎಂಬುದೆಲ್ಲ ಕಾಣುತ್ತದೆ. ಒಣ ದಿನಗಳಲ್ಲಿ ಮೇಸ್ತ್ರಿಗೆ ಎಷ್ಟು ವಿವರಿಸಿದರೂ ಅರ್ಥವಾಗದ್ದು ಮಳೆಯಲ್ಲಿ ಮೊಬೈಲಿನಿಂದ ತೆಗೆದ ಒಂದು ಚಿತ್ರದಿಂದ ಅರ್ಥವಾಗುತ್ತದೆ.

ಮಳೆ ಹಿಂದೆ ಸರಿಯುವಾಗ

ತೊಳೆಯುವ ನಿಜವಾದ ಹೊತ್ತು ಇದು. ದಿನಗಟ್ಟಲೆ ಸುರಿಯುವ ಮಳೆ ನಿಂತಿರುತ್ತದೆ, ಎಲ್ಲೋ ಒಂದು ಸಂಜೆ ಹನಿಯುತ್ತದೆ, ಗೋಡೆಯ ಮೇಲಿನ ಜೀವಿಗಳು ಇನ್ನೂ ಎಚ್ಚರವಾಗಿರುತ್ತವೆ. ಪೊರೆ ಮೆತ್ತಗಿರುವುದರಿಂದ ಸಾಧಾರಣ ಬ್ರಷ್ಷಿಗೂ ಬಿಟ್ಟುಕೊಡುತ್ತದೆ. ಇನ್ನೆರಡು ತಿಂಗಳು ಬಿಟ್ಟರೆ ಬಿಸಿಲಿಗೆ ಹೊಟ್ಟುಗಟ್ಟಿ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ತೊಳೆದ ನೀರು ಆರಲು ಮುಂದೆ ಒಣ ತಿಂಗಳುಗಳು ಇವೆ. ಮಳೆಗೆ ಮುಂಚೆ ತೊಳೆದರೆ ಈ ಅನುಕೂಲ ಇರುವುದಿಲ್ಲ: ಪಾಚಿ ಮಲಗಿರುತ್ತದೆ, ಗೋಡೆ ಕುಡಿದ ನೀರಿನ ಬೆನ್ನಿಗೇ ಮಳೆ ಬರುತ್ತದೆ.

ದಿನವನ್ನು ಆರಿಸುವಾಗ ಹವಾಮಾನ ಮುನ್ಸೂಚನೆಯಲ್ಲಿ ಕನಿಷ್ಠ ಎರಡು ಮೂರು ಒಣ ದಿನಗಳಿರಲಿ. ದಿನದೊಳಗೆ ನೆರಳನ್ನು ಹಿಂಬಾಲಿಸಬೇಕು. ಪೂರ್ವದ ಗೋಡೆಯನ್ನು ಮಧ್ಯಾಹ್ನದ ಮೇಲೆ, ಪಶ್ಚಿಮದ್ದನ್ನು ಬೆಳಿಗ್ಗೆ. ಸುಡು ಬಿಸಿಲು ಬಿದ್ದ ಗೋಡೆಯ ಮೇಲೆ ದ್ರಾವಣ ಕೆಲಸ ಮಾಡುವ ಮೊದಲೇ ಆರಿಹೋಗಿ ಬಿಳಿ ಗೆರೆಗಳನ್ನಷ್ಟೇ ಉಳಿಸುತ್ತದೆ. ಸಂಜೆ ತಡವಾಗಿ ತೊಳೆಯುವುದೂ ಒಳ್ಳೆಯದಲ್ಲ. ರಾತ್ರಿ ಗೋಡೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಅದರ ಮೇಲೆಯೇ ಕೂರುತ್ತದೆ.

ಈಗ ದ್ರಾವಣಗಳ ವಿಚಾರ. ಮನೆಬಳಕೆಯ ಬ್ಲೀಚ್ ಎಂದರೆ ಸೋಡಿಯಂ ಹೈಪೊಕ್ಲೋರೈಟ್. ಹತ್ತು ಹದಿನೈದು ನಿಮಿಷ ಒದ್ದೆಯಾಗಿಯೇ ಇದ್ದರೆ ಅದು ಶೈವಲ, ಬೂಷ್ಟುಗಳನ್ನು ಕೊಲ್ಲುತ್ತದೆ. ಅದು ಬಣ್ಣವನ್ನೂ ತೆಗೆಯುವುದರಿಂದ ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಲ್ಲುಹೂವಿನ ಒಳಗಿನ ಎಳೆಗಳು ಬೆಳ್ಳಗಾಗಿ ಅಲ್ಲೇ ಉಳಿದಿರಬಹುದು. ಬಿಸಿಲು, ಶಾಖ ಎರಡೂ ಅದನ್ನು ಕೆಡಿಸುತ್ತವೆ, ಕಳೆದ ವರ್ಷದ ಡಬ್ಬದಲ್ಲಿ ಅರ್ಧ ಶಕ್ತಿಯೂ ಇರದೆ ಹೋಗಬಹುದು. ಲೋಹವನ್ನು ತಿನ್ನುತ್ತದೆ, ಗಿಡಗಳನ್ನು ಸುಡುತ್ತದೆ. ಗೋಡೆಯ ಬುಡದ ಗಿಡಗಳನ್ನು ಮೊದಲೇ ಒಳ್ಳೆಯ ನೀರಿನಿಂದ ತೋಯಿಸಿ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೊಳೆಯಬೇಕು. ಯಾವ ಕಾರಣಕ್ಕೂ ಇದನ್ನು ಆಸಿಡ್ ಅಥವಾ ವಿನೆಗರ್ ಜೊತೆ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ದ್ರಾವಣದ ಜೊತೆಯೂ ಬೆರೆಸಬಾರದು, ಅದೂ ವಿಷಾನಿಲವೇ.

ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ದ್ರಾವಣಗಳ ಸ್ವಭಾವ ಬೇರೆ. ಅವನ್ನು ಸಿಂಪಡಿಸಿ ತೊಳೆಯದೆ ಬಿಡುವುದು. ಮೊದಲ ದಿನ ಏನೂ ಕಾಣುವುದಿಲ್ಲ. ವಾರಗಳು ಕಳೆದಂತೆ ಹಸಿರು ಕಂದಾಗಿ, ಒಣಗಿ, ತಾನಾಗಿಯೇ ಉದುರುತ್ತದೆ. ನನಗೆ ಈ ನಿಧಾನ ಇಷ್ಟ, ಗೋಡೆಗೆ ಪೆಟ್ಟು ಬೀಳುವುದಿಲ್ಲ. ಆದರೆ ಸಿಂಪಡಿಸಿದ ದಿನವೇ ಮಳೆ ಬಂದರೆ ದ್ರಾವಣವೆಲ್ಲ ಚರಂಡಿಯ ಪಾಲು. ಅದು ಮೀನು ಮತ್ತಿತರ ಜಲಚರಗಳಿಗೆ ವಿಷ. ಹೀಗಾಗಿ ಹೊತ್ತು ತಪ್ಪಿದ ಸಿಂಪಡಣೆಯಲ್ಲಿ ಹಣವೂ ಹೋಗುತ್ತದೆ, ಹೊಂಡದ ಮೀನೂ ಹೋಗುತ್ತದೆ. ಮಾಡಿನ ನೀರನ್ನು ತೊಟ್ಟಿಗೆ ಹಿಡಿಯುವವರು ಯಾವ ದ್ರಾವಣ ಬಳಸುವುದಾದರೂ ಮೊದಲು ತೊಟ್ಟಿಯ ಕೊಳವೆಯನ್ನು ಬೇರ್ಪಡಿಸಬೇಕು, ಆಮೇಲಿನ ಒಂದೆರಡು ಒಳ್ಳೆಯ ಮಳೆಯ ನೀರನ್ನು ಹೊರಗೆ ಬಿಡಬೇಕು.

ಒತ್ತಡದ ಯಂತ್ರದ ಬಗ್ಗೆ ನನ್ನ ಅಭಿಪ್ರಾಯವನ್ನು ನೀವು ಊಹಿಸಿರುತ್ತೀರಿ. ಮನೆಬಳಕೆಯ ಯಂತ್ರಗಳೇ 100 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ನೀರನ್ನು ಚಿಮ್ಮಿಸುತ್ತವೆ. ನಲ್ಲಿಯ ಒತ್ತಡ ಕೆಲವೇ ಬಾರ್. ಕಾಂಕ್ರೀಟ್ ಅಂಗಳಕ್ಕೆ, ಗಟ್ಟಿ ಕಲ್ಲಿಗೆ ಅದು ಸೊಗಸಾದ ಉಪಕರಣ. ಸುಣ್ಣದ ಗಾರೆ, ಮರ, ಹಳೆಯ ಹಂಚು, ಸಡಿಲಗೊಂಡ ಬಣ್ಣ ಇವಕ್ಕೆ ಶತ್ರು. ಮಳೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆಂಬ ನಂಬಿಕೆಯ ಮೇಲೆ ಹಂಚುಗಳನ್ನು ಒಂದರ ಮೇಲೊಂದು ಹೊದಿಸಿರುತ್ತಾರೆ. ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಿದ ನೀರು ನೇರ ಒಳಗೆ ಹೋಗುತ್ತದೆ. ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳನ್ನಂತೂ ಒತ್ತಡದ ನೀರಿನಿಂದ ತೊಳೆಯಲೂ ಬಾರದು, ಕೆರೆಯಲೂ ಬಾರದು. ಅದರಿಂದ ಬಿಡುಗಡೆಯಾಗುವ ಎಳೆಗಳು ಶ್ವಾಸಕೋಶಕ್ಕೆ ಮಾರಕ.

ಮಾಡಿನ ಮೇಲಿನ ದಪ್ಪ ಹಾವಸೆಯೊಂದಕ್ಕೆ ಮಾತ್ರ ಇನ್ನೂ ಕೆಲವು ವಾರ ಕಾಯುವುದು ಜಾಣತನ. ಒಣಗಿದ ಹಾವಸೆ ಇಡಿಯಾಗಿ ಕಳಚಿ ಬರುತ್ತದೆ, ಏಣಿಯೂ ಜಾರುವುದಿಲ್ಲ. ಏಣಿ ಎಷ್ಟು ಎತ್ತರಕ್ಕೆ ಒರಗುತ್ತದೆಯೋ ಅದರ ನಾಲ್ಕನೆಯ ಒಂದು ಭಾಗದಷ್ಟು ದೂರ ಅದರ ಬುಡವನ್ನು ಗೋಡೆಯಿಂದ ಹೊರಗಿಡಬೇಕು, ಕೆಳಗೆ ಇನ್ನೊಬ್ಬರು ಇರಬೇಕು. ಮಾಡಿನ ಮೇಲ್ತುದಿಯಲ್ಲಿ ತಾಮ್ರ ಅಥವಾ ಸತುವಿನ ಪಟ್ಟಿ ಹೊಡೆಸಿದರೆ ಮಳೆನೀರಿನಲ್ಲಿ ಕರಗಿ ಇಳಿಯುವ ಲೋಹದ ಅಂಶ ಹಾವಸೆಯನ್ನು ತಡೆಯುತ್ತದೆ. ಸತು ಲೇಪಿಸಿದ ತಗಡಿನ ಕೆಳಗಿನ ಹಂಚುಗಳು ಉಳಿದವಕ್ಕಿಂತ ಶುಭ್ರವಾಗಿರುವುದನ್ನು ಗಮನಿಸಿದವರಿಗೆ ಇದು ಹೊಸದಲ್ಲ.

ವರ್ಷವಿಡೀ ಹನಿಯುತ್ತಲೇ ಇರುವ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ನಾಡುಗಳಲ್ಲಿ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಗೋಡೆಯ ಕೆಲಸ ವಸಂತದ ಕೊನೆಗೆ, ಎಲೆ ಉದುರಿ ಮುಗಿದ ಮೇಲೆ ದೋಣಿಯ ಕೆಲಸ. ಹಿಮ ಬೀಳುವ ಮುನ್ನ ಗೋಡೆ ತೊಳೆಯಬಾರದು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಗಾರೆಯ ರಂಧ್ರಗಳು ಒಳಗಿನಿಂದಲೇ ಸಿಡಿಯುತ್ತವೆ.

ಗೋಡೆ ಆರಿದ ಮೇಲೆ

ಒಣ ದಿನಗಳು ಬಂದ ಮೇಲೆ ಗೋಡೆಯ ಮೇಲೆ, ಹೆಚ್ಚಾಗಿ ಬುಡದಲ್ಲಿ, ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕಾಣಿಸಬಹುದು. ಬೂಷ್ಟೆಂದು ಅದಕ್ಕೆ ಬ್ಲೀಚ್ ಹಾಕಬೇಡಿ. ಅದು ಉಪ್ಪು. ಗೋಡೆಯೊಳಗಿನ ನೀರು ಲವಣಗಳನ್ನು ಕರಗಿಸಿಕೊಂಡು ಹೊರಬಂದು, ತಾನು ಆವಿಯಾಗಿ ಅವನ್ನು ಅಲ್ಲೇ ಬಿಟ್ಟುಹೋಗಿದೆ. ಗೋಡೆ ಒಣಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನೀರಿನಿಂದ ತೊಳೆದರೆ ಉಪ್ಪು ಮತ್ತೆ ಕರಗಿ ಒಳಗೆ ಹೋಗಿ ಮುಂದಿನ ಬಿಸಿಲಿಗೆ ಹೊರಬರುತ್ತದೆ. ಒಣ ಬ್ರಷ್ಷಿನಿಂದ ಕೆಡವಿ ಗುಡಿಸಿ ದೂರ ಹಾಕಬೇಕು, ಬರುವುದು ನಿಲ್ಲುವವರೆಗೆ ಇದನ್ನೇ ಮಾಡಬೇಕು. ತಿಂಗಳುಗಳಾದರೂ ನಿಲ್ಲದಿದ್ದರೆ ಎಲ್ಲಿಂದಲೋ ನೀರು ಬರುತ್ತಿದೆ ಎಂದರ್ಥ.

ಬಿರುಕು ತುಂಬುವುದು, ಬಣ್ಣ ಬಳಿಯುವುದು ಅದಾದ ಮೇಲೆ. ತೊಳೆದ ವಾರವೇ ಬಣ್ಣ ಬಳಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಬಣ್ಣದ ಪೊರೆಯನ್ನು ಗುಳ್ಳೆಯೆಬ್ಬಿಸಿ ಹರಿಯುತ್ತದೆ. ಗೋಡೆ ನಿಜವಾಗಿ ಆರಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಮೊಳ ಉದ್ದ, ಮೊಳ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಎಲ್ಲಕ್ಕಿಂತ ತಡವಾಗಿ ಒಣಗುವ ಗೋಡೆಯ ಬುಡದಲ್ಲಿ ಅಂಟಿಸಿದರೆ ಇನ್ನೂ ಒಳ್ಳೆಯದು. ಮರುದಿನ ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅದರ ಅಡಿಯ ಗೋಡೆ ಗಾಢವಾಗಿದ್ದರೆ ಹಾಳೆಯನ್ನು ಕಿತ್ತು ಇನ್ನೊಂದು ವಾರ ಬಿಟ್ಟು ಮತ್ತೆ ಅಂಟಿಸುವುದು. ಎರಡೂ ಇಲ್ಲದಿದ್ದರೆ ಬಣ್ಣದ ಡಬ್ಬ ತೆರೆಯಬಹುದು.